‘ಹೆಣ್ಗರು ಗ್ಯಾರಂಟಿ’ ಅಂತ ಭ್ರೂಣ ಮಾರುವವರ ಬಗ್ಗೆ ಹುಷಾರು

ನಮ್ಮ ಎಚ್‌ಎಫ್ (ಕರಿ-ಬಿಳಿ ವಿದೇಶಿ ತಳಿ) ಹಸುಗಳ ಗರ್ಭಕ್ಕೆ ಗಿರ್ ತಳಿಯ ಹಸು-ಹೋರಿಯ ಭ್ರೂಣ ಹಾಕಿಸಿದ್ದೆವು. "ಲ್ಯಾಬಲ್ಲಿ ಟೆಸ್ಟ್ ಮಾಡಿ ಹೆಣ್ಣು ಅಂತ ಗೊತ್ತಾದ ಮೇಲೇ ತರ್ತೀವಿ" ಅಂತ ಹೇಳಿ ಏಜೆನ್ಸಿಯವರು ಪೂರ್ತಿ ದುಡ್ಡು ಎಣಿಸಿಕೊಂಡರು. ಅರ್ಧಕ್ಕರ್ಧ ಗಬ್ಬ ನಿಲ್ಲಲಿಲ್ಲ. ಇದರಲ್ಲಿ ಅದು ಮಾಮೂಲು, ತಕರಾರಿಲ್ಲ. ತಕರಾರು ಹುಟ್ಟಿದ ಹೋರಿಗರುವಿನದ್ದು. 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ನಮ್ಮ ಕಡೆ ಹೋರಿಗರು ಕೇಳುವವರೇ ಇಲ್ಲ.

ಫೋನ್ ಮಾಡಿದರೆ, "ನಿಮ್ಮ ಹಸು ಆಮೇಲೆ ಬೆದೆಗೆ ಬಂದು ಯಾರೋ ಸೆಮೆನ್ (ವೀರ್ಯ) ಇಂಜೆಕ್ಷನ್ ಹಾಕಿರಬೇಕು" ಅಂದರು. ಕರು ನೋಡಿದರೆ ಅಪ್ಪಟ ಗಿರ್: ಉಬ್ಬಿದ ಹಣೆ, ಸುರುಳಿ ಸುತ್ತಿದ ಎಲೆಯಂತೆ ಜೋತುಬಿದ್ದ ಕಿವಿ, ಕೆಂಪು ಮೈ. ಕರಿ-ಬಿಳಿ ತಾಯಿಯ ಒಂದು ಚುಕ್ಕೆಯೂ ಇಲ್ಲ. ಫೋಟೋ ಕಳಿಸಿದ ಮೇಲೆ ಬಾಯಿಬಿಟ್ಟರು: ಭ್ರೂಣಕ್ಕೆ ಟೆಸ್ಟೇ ಆಗಿಲ್ಲ, ಸೆಕ್ಸ್ಡ್ ಸೆಮೆನ್‌ನಿಂದ ತಯಾರಿಸಿದ್ದು ಅಷ್ಟೇ.

ಇವೆರಡೂ ಬೇರೆ ಬೇರೆ. ಹೆಣ್ಣಾಗುವ ಎಕ್ಸ್ ವೀರ್ಯಾಣುವಿನಲ್ಲಿ ಗಂಡಾಗುವ ವೈಗಿಂತ ಡಿಎನ್‌ಎ ಸುಮಾರು ಶೇ. 4ರಷ್ಟು ಹೆಚ್ಚು. ಅದನ್ನು ಯಂತ್ರದಲ್ಲಿ ಗುರುತಿಸಿ ಬೇರ್ಪಡಿಸಿದ್ದೇ ಸೆಕ್ಸ್ಡ್ ಸೆಮೆನ್. ಶೇ. 90ರ ಆಸುಪಾಸು ಹೆಣ್ಣು. ಹತ್ತರಲ್ಲೊಂದು ಹೋರಿಯಾದರೆ ಮೋಸವೇನಲ್ಲ, ಲೆಕ್ಕವೇ ಅಷ್ಟು. ಹಾಗಂತ ಮೊದಲೇ ಹೇಳಿ, ಅದರ ರೇಟೇ ತಗೋಬೇಕಿತ್ತು.

ಟೆಸ್ಟ್ ಅಂದರೆ, ಏಳು ದಿನದ ಭ್ರೂಣವನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು, ಮುಂದೆ ಮಾಸು ಆಗುವ ಕಡೆಯಿಂದ ಕೆಲವೇ ಕೋಶಗಳನ್ನು ಬ್ಲೇಡಿನಲ್ಲಿ ಕೊಯ್ದು, ಡಿಎನ್‌ಎ ಪರೀಕ್ಷೆಯಾದ ಪಿಸಿಆರ್‌ನಲ್ಲಿ ವೈ ಕ್ರೋಮೋಸೋಮ್ ಇದೆಯೇ ನೋಡುವುದು. ಇಲ್ಲೂ ಒಂದು ಸೂಕ್ಷ್ಮ ಉಂಟು. ಕೊಯ್ದ ಕೋಶ ಟ್ಯೂಬಿಗೆ ಬೀಳದೇ ಹೋದರೂ ವೈ ಕಾಣುವುದಿಲ್ಲ, ರಿಪೋರ್ಟ್ ‘ಹೆಣ್ಣು’ ಅಂತ ಬಂದುಬಿಡಬಹುದು. ಅದಕ್ಕೇ ಸರಿಯಾದ ಲ್ಯಾಬಿನವರು ಗಂಡು-ಹೆಣ್ಣು ಎರಡರಲ್ಲೂ ಕಾಣಲೇಬೇಕಾದ ಇನ್ನೊಂದು ಗುರುತನ್ನು ಜೊತೆಗೇ ನೋಡುತ್ತಾರೆ. ಅದು ಕಾಣದಿದ್ದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ. ಕೋಶ ತೆಗೆದ ಭ್ರೂಣ ಫ್ರೀಜಿಂಗ್ ತಡೆಯುವುದೂ ಕಮ್ಮಿ. ನೈಟ್ರೋಜನ್ ಕ್ಯಾನಿನಿಂದ ತೆಗೆದು ‘ಟೆಸ್ಟ್ ಆದದ್ದು’ ಅಂದರೆ ಎರಡು ಪ್ರಶ್ನೆ ಜಾಸ್ತಿಯೇ ಕೇಳಿ.

ನಮ್ಮ ಭ್ರೂಣ ತುಂಬಿದ್ದ ಸ್ಟ್ರಾ (ಸಣ್ಣ ಕೊಳವೆ) ಮೇಲೆ ಹೋರಿ ನಂಬರ್, ದಾನಿ ಹಸುವಿನ ನಂಬರ್, ತಾರೀಖು ಎಲ್ಲ ಇತ್ತು. ಬಿಲ್ಲಿನಲ್ಲಿ ಮಾತ್ರ ‘ಎಂಬ್ರಿಯೋ, ಫೀಮೇಲ್’ ಅಂತ ಎರಡೇ ಪದ. ಒಂದೊಂದು ಭ್ರೂಣದ ನಂಬರಿಗೂ ಪಿಸಿಆರ್ ರಿಪೋರ್ಟ್ ಕೇಳಿ. ಕೊಡದಿದ್ದರೆ ಸೆಕ್ಸ್ಡ್ ಸೆಮೆನ್ ಮಾಲು ಅಂತಲೇ ಲೆಕ್ಕ ಹಾಕಿ ಚೌಕಾಸಿ ಮಾಡಿ.

ದುಡ್ಡಿನ ಒಂದು ಭಾಗ ಸ್ಕ್ಯಾನ್ ಆಗುವವರೆಗೆ ಹಿಡಿದಿಟ್ಟುಕೊಳ್ಳಿ. ಗಬ್ಬಕ್ಕೆ ಎರಡು ತಿಂಗಳು ತುಂಬುವ ಹೊತ್ತಿಗೆ ಅಲ್ಟ್ರಾಸೌಂಡ್‌ನಲ್ಲಿ ಕಾಣುವ, ಮುಂದೆ ಜನನಾಂಗವಾಗುವ ಸಣ್ಣ ಮೊಳಕೆ ಹೊಕ್ಕುಳ ಕಡೆ ಸರಿದಿದ್ದರೆ ಹೋರಿ, ಬಾಲದ ಕಡೆ ಇದ್ದರೆ ಹೆಣ್ಣು. ಕೈ ಪಳಗಿದ ಪಶುವೈದ್ಯರಿಗೆ ಗೊತ್ತಾಗುತ್ತದೆ. (1994ರ ಲಿಂಗಪತ್ತೆ ನಿಷೇಧ ಕಾಯ್ದೆ ಮನುಷ್ಯರಿಗೆ, ದನಕ್ಕಲ್ಲ.) ಪಕ್ಕದೂರಿನವರು ಅದೇ ಏಜೆನ್ಸಿಗೆ ಈ ಷರತ್ತು ಹಾಕಿದ್ದಾರೆ. ಇನ್ನೂ ಉತ್ತರ ಬಂದಿಲ್ಲವಂತೆ.