ಕಥೆಯ ಕರಡನ್ನು ಯಾರ ಕೈಗೆ ಕೊಡಬೇಕು?

ಕರಡು ಮುಗಿದ ಮೇಲೆ ಕಥೆಗಾರರಿಗೆ ಬೇಕಾಗುವುದು ಒಬ್ಬ ಓದುಗ, ಅದೂ ಮುಖ ನೋಡಿ ಮಾತಾಡದ ಓದುಗ. ಅಂಥವರು ಎಲ್ಲಿ ಸಿಗುತ್ತಾರೆಂದು ತಿಳಿಯಲು ಒಂದೇ ಕಥೆಯನ್ನು ಬೇರೆ ಬೇರೆ ಕಡೆ ಕೊಟ್ಟು ನೋಡಿದೆ. ಬೆಂಗಳೂರಿನಲ್ಲಿ ನೆಲೆಸಿದ ಅಕ್ಕ ಊರಿಗೆ ಬಂದು, ತಮ್ಮಂದಿರ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ಮಾಡಿಕೊಟ್ಟು, ಸಂಜೆಯ ಬಸ್ಸಿಗೆ ಹಿಂತಿರುಗುವ ಕಥೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಇದು ಬಹಳಷ್ಟು ಮನೆಗಳ ಮಾತು. ಹಾಗಾಗಿ ಕಥೆಯ ಬಗ್ಗೆ ಕೇಳಿದರೆ, ಅಕ್ಕ ಸಹಿ ಹಾಕಿದ್ದು ಸರಿಯೇ ಎಂಬ ಬಗ್ಗೆ ಉತ್ತರ ಬರುವ ಅಪಾಯ ಮೊದಲಿನಿಂದಲೂ ಇತ್ತು.

ಮನೆಯವರು ಆ ಅಪಾಯವನ್ನು ದಾಟಲೇ ಇಲ್ಲ. ಪಾತ್ರಗಳಲ್ಲಿ ಯಾರು ಯಾರೆಂದು ಹುಡುಕಿದರು, ಇದು ದೊಡ್ಡತ್ತೆಯ ಸಂಗತಿಯಲ್ಲವೇ ಎಂದರು. ಅವರ ಪ್ರೀತಿ ದೊಡ್ಡದು. ಆದರೆ ಕರಡಿನ ಓದಿಗೆ ಆ ಪ್ರೀತಿಯೇ ಅಡ್ಡಿ. ಬರಹಗಾರರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಪ್ಪಾಳೆಯ ಚಿತ್ರಗಳು ಬಂದವು. ನಾಳೆ ಅವರ ಕಥೆಗೆ ನಾನು ಚಪ್ಪಾಳೆ ತಟ್ಟಬೇಕು, ಅಷ್ಟೇ. ಮೊಬೈಲಿನ ಕಥಾ ಆ್ಯಪ್ ಇದಕ್ಕಿಂತ ಮೇಲು. ಅಲ್ಲಿ ಪರಿಚಯವೇ ಇಲ್ಲದ ಓದುಗರಿದ್ದಾರೆ, ಮುಂದಿನ ಭಾಗ ಯಾವಾಗ ಎಂದು ಕೇಳುತ್ತಾರೆ. ಕುತೂಹಲ ಹುಟ್ಟಿದೆಯೇ ಎಂಬುದು ಅದರಿಂದ ತಿಳಿಯುತ್ತದೆ, ಯಾವ ಸಾಲಿನಿಂದ ಹುಟ್ಟಿತು ಎಂಬುದು ತಿಳಿಯುವುದಿಲ್ಲ.

ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕಳಿಸಿದರೆ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ರಾಶಿ ಕಥೆಗಳ ನಡುವೆ ಆರಿಸುವುದು ತೀರ್ಪುಗಾರರ ಕೆಲಸ. ಆಯ್ಕೆಯಾಗದ ಕಥೆಗೆ ಕಾರಣ ಬರೆದು ಕಳಿಸುವುದು ಅವರ ಕೆಲಸವಲ್ಲ. ಆದರೂ ಫಲಿತಾಂಶದ ಜೊತೆ ತೀರ್ಪುಗಾರರ ಮಾತು ಅಚ್ಚಾಗಿದ್ದರೆ ತಪ್ಪದೆ ಓದಿ. ಬೇರೆಯವರ ಕಥೆಯ ಬಗ್ಗೆ ಹೇಳಿದ್ದು ಕೆಲವೊಮ್ಮೆ ನಮ್ಮದಕ್ಕೂ ಸರಿಯಾಗಿ ತಾಗುತ್ತದೆ.

ಹಿರಿಯ ಕಥೆಗಾರರೊಬ್ಬರು ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರು. ಕೊನೆಯ ಪ್ಯಾರಾ ಹೊಡೆದು ಹಾಕಿದ್ದು ಅವರ ದೊಡ್ಡ ಉಪಕಾರ. ಬಸ್ ಪ್ರಯಾಣದ ಪುಟ ಮುಗಿದ ಮೇಲೆ ಹೇಳುವುದೇನೂ ಉಳಿದಿರಲಿಲ್ಲ. ಆದರೆ ಉಳಿದ ತಿದ್ದುಪಡಿಗಳಲ್ಲಿ ನನ್ನ ಕಥೆಯ ಅಕ್ಕ ಅವರ ಪಾತ್ರಗಳ ಹಾಗೆ ಮಾತಾಡತೊಡಗಿದ್ದಳು. ಗಟ್ಟಿ ಶೈಲಿಯವರ ಕೈಗೆ ಕೊಟ್ಟಾಗ ಹೀಗಾಗುವುದು ಸಹಜ. ಅವರಿಂದ ತೆಗೆದು ಹಾಕಿದ್ದನ್ನು ಸ್ವೀಕರಿಸಬೇಕು, ಸೇರಿಸಿದ್ದನ್ನು ಬಿಡಬೇಕು. ಚಾಟ್‌ಬಾಟ್‌ಗೂ ಕೊಟ್ಟಿದ್ದೆ. ಊರಿನ ಮಾತನ್ನೆಲ್ಲ ಗ್ರಂಥಸ್ಥ ಕನ್ನಡಕ್ಕೆ ತಿರುಗಿಸಿಟ್ಟಿತು. ಅದಕ್ಕೆ ಬೇಸರ ಬರುವುದಿಲ್ಲ. ಬೇಸರವೇ ಬರದ ಓದುಗನಿಂದ ಕಥೆ ಎಲ್ಲಿ ಸೊರಗಿದೆ ಎಂದು ತಿಳಿಯುವುದು ಹೇಗೆ?

ಇನ್ನು ಕಥಾಕಮ್ಮಟ. ಎಲ್ಲರ ಕೈಯಲ್ಲೂ ಝೆರಾಕ್ಸ್ ಪ್ರತಿ, ಚರ್ಚೆ ಮುಗಿಯುವವರೆಗೆ ಕಥೆಗಾರ ಬಾಯಿ ತೆರೆಯುವಂತಿಲ್ಲ. ಆ ಮೌನ ಬಹಳ ಒಳ್ಳೆಯ ನಿಯಮ. ಸಮರ್ಥನೆಗೆ ದಾರಿಯೇ ಇಲ್ಲದಿದ್ದಾಗ ಕಿವಿ ಚುರುಕಾಗುತ್ತದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಕ್ಕ ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ಚರ್ಚೆ ಸಿಕ್ಕಿಕೊಂಡಿತು. ಪದವಿ ಓದಿದವಳು ಹೆಬ್ಬೆಟ್ಟು ಒತ್ತುವುದು ಅಧಿಕಾರ ಕಳೆದುಕೊಂಡದ್ದರ ಸಂಕೇತ ಎಂದರು ಒಬ್ಬರು. ಸಂಕೇತ ಅತಿಯಾಯಿತು ಎಂದರು ಇನ್ನೊಬ್ಬರು. ಕಮ್ಮಟದ ನಿರ್ದೇಶಕರ ಮುಂದೆ ಚೆನ್ನಾಗಿ ಮಾತಾಡಬೇಕೆಂಬ ಆಸೆ ಆ ಸಾಲಿಗೆ ಇಲ್ಲದ ಭಾರ ಹೊರಿಸಿತ್ತು. ಆದರೆ ಬಸ್ ಪ್ರಯಾಣದ ಪುಟದಲ್ಲಿ, ಒಬ್ಬರಿಗೊಬ್ಬರು ಒಪ್ಪದ ಇಬ್ಬರು ಒಂದೇ ಸಾಲಿನಲ್ಲಿ ಎಡವಿದರು. ಅವರು ಕೊಟ್ಟ ಕಾರಣಗಳು ಬೇರೆ ಬೇರೆ, ಜಾಗ ಒಂದೇ. ಕಮ್ಮಟದಿಂದ ನಾನು ಕಾರಣಗಳನ್ನು ತರುವುದಿಲ್ಲ, ಜಾಗಗಳನ್ನು ತರುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಕಥೆ ಬರೆಯದ ಓದುಗರೊಬ್ಬರಿಂದ. ಅವರು ನಮ್ಮ ತಾಲ್ಲೂಕಿನ ಪತ್ರ ಬರಹಗಾರರು. ಬದುಕೆಲ್ಲ ಕ್ರಯಪತ್ರ, ವಿಭಾಗಪತ್ರ ಬರೆದವರು, ರಾತ್ರಿ ಕಾದಂಬರಿ ಓದುವವರು. ‘ಹೇಗಿದೆ’ ಎಂದು ಕೇಳಲಿಲ್ಲ. ಪೆನ್ಸಿಲ್ ಕೊಟ್ಟು, ಓದು ನಿಂತ ಕಡೆ ಗೆರೆ, ಹಿಂದಿನ ಪುಟ ತಿರುವಿದ ಕಡೆ ಸುನ್ನೆ ಹಾಕಿ, ಆಮೇಲೆ ಕಥೆಯನ್ನು ನಿಮ್ಮ ಮಾತಿನಲ್ಲಿ ನನಗೇ ಹೇಳಿ ಎಂದೆ.

ಹೆಬ್ಬೆಟ್ಟಿನ ಹತ್ತಿರ ಗೆರೆಯೇ ಇರಲಿಲ್ಲ. ‘ಓದಿದವರದ್ದೂ ತೆಗೆದುಕೊಳ್ಳುತ್ತಾರಲ್ಲ ಸ್ವಾಮಿ, ಫೋಟೊ, ಹೆಬ್ಬೆಟ್ಟು ಎರಡೂ’ ಎಂದರು. ಅವರು ಸುನ್ನೆ ಹಾಕಿದ್ದು ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕೂ ದಿಕ್ಕಿನ ಎಲ್ಲೆ, ಓದಿ ಹೇಳುವ ಸಾಲಿಗೆ. ‘ಪೂರ್ವಕ್ಕೆ ಬಾವಿ ಎಂದು ಬರೆದಿದ್ದೀರಿ. ಆ ಬಾವಿಯ ಹತ್ತಿರ ಈಕೆ ಏನೋ ಮಾಡುತ್ತಾಳೆ ಅಂತ ಕೊನೆಯವರೆಗೂ ಕಾದೆ.’ ಕಮ್ಮಟದಲ್ಲಿ ಯಾರ ಕಣ್ಣಿಗೂ ಬೀಳದ ಬಾವಿ ಅದು. ಅದನ್ನೇ ಹಿಡಿದು ನಡುವಿನ ಭಾಗವನ್ನು ಮತ್ತೆ ಬರೆದೆ. ಕಚೇರಿಗೆ ಹೊರಡುವ ಮೊದಲು ಅಕ್ಕ ಒಬ್ಬಳೇ ಅಲ್ಲಿಗೆ ಹೋಗುತ್ತಾಳೆ, ಹಗ್ಗ ಉಜ್ಜಿ ಸವೆದ ಕಲ್ಲನ್ನು ಮುಟ್ಟಿ ನೋಡುತ್ತಾಳೆ. ಬಸ್ಸಿನ ಪುಟ ತಾನಾಗಿ ಅರ್ಧಕ್ಕೆ ಇಳಿಯಿತು. ಆಕೆಯ ದುಃಖವನ್ನು ಅಲ್ಲಿ ವಿವರಿಸುವ ಅಗತ್ಯ ಉಳಿಯಲಿಲ್ಲ.

ಅವರೂ ಒಂದು ಸಲಹೆ ಕೊಟ್ಟರು: ಆಕೆ ಸಹಿ ಹಾಕಬಾರದು, ಪಾಲು ಕೇಳಬೇಕು. ಅದನ್ನು ತೆಗೆದುಕೊಳ್ಳಲಿಲ್ಲ. ನನಗೆ ಬೇಕಿದ್ದದ್ದು ಓದುವಾಗ ಅವರೊಳಗೆ ಏನು ನಡೆಯಿತು ಎಂಬ ವರದಿ. ಕಥೆ ಏನಾಗಬೇಕೆಂಬುದು ನನ್ನ ಹೊಣೆ. ಭಾಷೆಯ ವಿಷಯದಲ್ಲೂ ಅವರು ನೆರವಾಗುವುದಿಲ್ಲ, ಅಚ್ಚಾದಂತೆ ಕಾಣುವ ಯಾವ ವಾಕ್ಯವೂ ಅವರಿಗೆ ಸರಿಯೇ. ಅದಕ್ಕಾಗಿ ಕಮ್ಮಟದಲ್ಲಿ ಎಡವಿದ ಆ ಇಬ್ಬರಲ್ಲಿ ಒಬ್ಬರನ್ನು ಉಳಿಸಿಕೊಂಡಿದ್ದೇನೆ. ಅವರ ಕರಡು ನನಗೆ, ನನ್ನದು ಅವರಿಗೆ, ಜೊತೆಗೆ ಅದೇ ಗೆರೆ ಮತ್ತು ಸುನ್ನೆ. ಮೊದಲ ಓದು ಪತ್ರ ಬರಹಗಾರರದ್ದು, ಬಾವಿಯಂಥವು ಸರಿಯಾದ ಮೇಲೆ ಎರಡನೆಯದು ಇವರದ್ದು. ವಾಕ್ಯಗಳನ್ನು ಮೊದಲೇ ತಿದ್ದಿಸಿಕೊಂಡರೆ, ಆಮೇಲೆ ಪುಟಗಟ್ಟಲೆ ಕಿತ್ತು ಹಾಕಲು ಮನಸ್ಸು ಬರುವುದಿಲ್ಲ.