ಹಳೆಯ ಬೆನ್ನುನೋವಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸೂಜಿಯೋ, ಯೋಗವೋ, ಗಿಡಮೂಲಿಕೆಯೋ?

ಹಳೆಯ ಬೆನ್ನುನೋವಿಗೆ ಅಕ್ಯುಪಂಕ್ಚರ್ (ಮೈಗೆ ಸಣ್ಣ ಸೂಜಿ ಚುಚ್ಚಿ ಮಾಡುವ ಚಿಕಿತ್ಸೆ), ಯೋಗ ಎರಡನ್ನೂ ಅಮೆರಿಕದ ವೈದ್ಯರ ಸಂಘವೊಂದರ 2017ರ ಮಾರ್ಗಸೂಚಿ ಒಪ್ಪಿದೆ. ಹಾಗಾಗಿ ಮೊದಲು ನೋಡಬೇಕಾದ್ದು ಹತ್ತಿರದಲ್ಲಿ ಏನು ಸಿಗುತ್ತದೆ ಅನ್ನೋದು.

ಅಕ್ಯುಪಂಕ್ಚರ್‌ಗೆ ಪಳಗಿದ ಕೈ ಬೇಕು, ಪ್ರತಿ ಸಲ ಹೊಸ ಸೂಜಿ ಬೇಕು. ಅಂಥವರು ಜಾಸ್ತಿ ಇರೋದು ದೊಡ್ಡ ಊರುಗಳಲ್ಲೇ. ಮತ್ತೆ ಮತ್ತೆ ದೂರ ಹೋಗಬೇಕಾದರೆ ಬಸ್ಸಿನ ಕುಲುಕಾಟಕ್ಕೇ ಬೆನ್ನು ಹಿಡಿದುಕೊಳ್ಳುತ್ತದೆ, ಅಲ್ವಾ?

ಯೋಗಕ್ಕೆ ಒಂದು ಖಾಲಿ ಕೋಣೆ, ಒಬ್ಬ ಶಿಕ್ಷಕರು ಸಾಕು. ಕಲಿತ ಮೇಲೆ ಮನೆಯಲ್ಲೇ ಮಾಡಬಹುದು. ಕೇಂದ್ರ ದೂರವಿದ್ದರೆ ನನ್ನ ಓಟು ಇದಕ್ಕೆ. ದಿನಾ ಮಾಡುವ ಹಟ ಇಲ್ಲದವರಿಗೆ, ಹತ್ತಿರದಲ್ಲಿ ಸಿಕ್ಕರೆ, ಸೂಜಿಯೇ ವಾಸಿ.

ಗಿಡಮೂಲಿಕೆಯನ್ನು ಸುಮ್ನೆ ನುಂಗಬೇಡಿ. ನೋವಿಗೆ ಕೊಡುವ ವಿಲ್ಲೋ ಮರದ ತೊಗಟೆಯಲ್ಲಿ ಆಸ್ಪಿರಿನ್‌ನ ನೆಂಟ ಸ್ಯಾಲಿಸಿನ್ ಇದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧಿ ತಗೊಳ್ಳುವವರಿಗೆ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು.

ಕಾಲು ಜೋಮು ಹಿಡಿದು ಮೂತ್ರ ಕಟ್ಟಿದರೆ ಇದ್ಯಾವುದೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.