ಮನೆ ಬಿಲ್‌ಗೆ ಚೆಕ್ ಸಾಕಾ, ಆಟೋಪೇ ಬೇಕಾ?

ಊರಲ್ಲಿರುವ ಅಪ್ಪ ಅಮ್ಮನ ಕರೆಂಟ್, ಫೋನ್ ಬಿಲ್‌ಗೆ ಚೆಕ್ ಸರಿಯಾ, ಅಕೌಂಟಿನಿಂದ ದುಡ್ಡು ತಾನಾಗಿ ಹೋಗುವ ಆಟೋಪೇ ಸರಿಯಾ ಅಂತ ಕೇಳಿದ್ದೀರಿ. ಅದು ಅವರ ಅಕೌಂಟಿನಲ್ಲಿ ದುಡ್ಡು ಯಾವಾಗ ಇರುತ್ತೆ ಅನ್ನೋದರ ಮೇಲೆ ನಿಂತಿದೆ.

ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಚೆಕ್ಕಿಗೆ ಓಡಾಟ ಜಾಸ್ತಿ, ಯುಪಿಐನಲ್ಲಿ ಕೆಲವು ಆ್ಯಪ್‌ಗಳು ರೀಚಾರ್ಜ್‌ಗೆ ಒಂದೆರಡು ರೂಪಾಯಿ ಹಿಡಿಯುತ್ತವೆ, ಅಷ್ಟೇ. ದುಡ್ಡು ಸಾಲದೆ ಚೆಕ್ ಬೌನ್ಸ್ ಆದರೆ ಮಾತ್ರ ಬ್ಯಾಂಕ್ ದಂಡ ಬೀಳುತ್ತೆ, ಚೆಕ್ ಬೌನ್ಸ್‌ಗೆ ಹಾಕುವ ಸೆಕ್ಷನ್ 138ರ ಕೇಸಿನ ತಲೆನೋವೂ ಬರಬಹುದು.

ಮರೆವು ಇರುವವರಿಗೆ ಆಟೋಪೇ ನಿಜಕ್ಕೂ ದೊಡ್ಡ ನೆಮ್ಮದಿ. ದುಡ್ಡು ಹೋಗುವ 24 ಗಂಟೆ ಮೊದಲೇ ಮೆಸೇಜ್ ಬರುತ್ತೆ, ಯುಪಿಐ ಆಟೋಪೇಯಲ್ಲಿ ₹15,000ದವರೆಗಿನ ಬಿಲ್‌ಗೆ ಪ್ರತಿ ಸಲ ಪಿನ್ ಒತ್ತಬೇಕಿಲ್ಲ, ‘ಇವತ್ತು ರಾತ್ರಿ ಕರೆಂಟ್ ಕಟ್, ಈ ನಂಬರ್‌ಗೆ ಫೋನ್ ಮಾಡಿ’ ಅನ್ನೋ ಮೋಸದ ಮೆಸೇಜ್ ಬಂದರೂ ಬಿಲ್ ಕಟ್ಟಿದೆ ಅನ್ನೋ ಧೈರ್ಯ ಅವರಿಗಿರುತ್ತೆ. ಆದರೆ ಒಂದು ಸಲಕ್ಕೆ ಹೆಚ್ಚೆಂದರೆ ಎಷ್ಟು ಹೋಗಬಹುದು ಅನ್ನೋ ಮಿತಿಯನ್ನ ನೋಡಿ ಹಾಕಿ. ₹1,500 ಅಂತ ಇಟ್ಟು ಏಪ್ರಿಲ್‌ನಲ್ಲಿ ಬಿಲ್ ₹1,800 ಬಂದರೆ ಪಾವತಿ ನಿಂತುಹೋಗುತ್ತೆ, ಅಲ್ವಾ?

ಪಿಂಚಣಿ ತಿಂಗಳಿಗೆ ಸರಿಯಾಗಿ ಬರುತ್ತಿದ್ದರೆ ಆಟೋಪೇ ಹಾಕಿ. ಅಡಿಕೆ, ಕಾಫಿ ಮಾರಿದಾಗ ಮಾತ್ರ ದುಡ್ಡು ಬರುವ ಮನೆಯಾದರೆ ಬೇಡ, ಬಿಲ್ ಬಂದಾಗ ನೀವೇ ಇಲ್ಲಿಂದ ಯುಪಿಐ ಮಾಡಿ. ಅಪ್ಪನಿಗೆ ಸ್ಮಾರ್ಟ್‌ಫೋನ್ ಒಗ್ಗದಿದ್ದರೆ, ಬ್ಯಾಂಕ್ ಹತ್ತಿರವೇ ಇದ್ದರೆ, ಚೆಕ್ಕೇ ಇರಲಿ, ಸುಮ್ನೆ ಒತ್ತಾಯ ಮಾಡಬೇಡಿ. ಚೆಕ್ಕಿಗೆ 3 ತಿಂಗಳಷ್ಟೇ ಆಯಸ್ಸು, ಹಾಗಾಗಿ ಬರೆದ ಕೂಡಲೇ ಕೊಡಲಿ.